ಶುಕ್ರವಾರ ಅಳೆದ ದಾರಿ

ರಾಮನಗರದಿಂದ ರಮ್ಯಾ ಕಳಿಸಿದ್ದು ಒಂದೇ ಒಂದು ಪ್ರಶ್ನೆ. ನಿಖಾತ್ ಅದನ್ನು ಅಕ್ಕಿ ಆರಿಸುತ್ತಾ ಓದಿದಳು. ಮೊರ ಕೆಳಗಿಟ್ಟು ಇನ್ನೊಮ್ಮೆ ಓದಿದಳು. ಚನ್ನಪಟ್ಟಣದ ಬೊಂಬೆ ಕೆಲಸದವರ ಬೀದಿಯ ಸೈಕಲ್ ದಾರಿ ನಿಮ್ಮ ಪಟ್ಟಿಯಲ್ಲಿ ‘ಪೂರ್ತಿ ತೆರವು’ ಅಂತಿದೆ. ಅಲ್ಲಿ ಸೈಕಲ್ ಹೊಡೆದವರೊಬ್ಬರು, ಮರದ ತುಂಡು ಹರಡಿ ದಾರಿ ಮುಚ್ಚಿದೆ ಅಂತ ಬರೆದಿದ್ದಾರೆ. ಯಾವುದು ನಿಜ?

ನಿಖಾತ್ ರಸ್ತೆ ಸರ್ವೆ ಮಾಡುವ ಸಣ್ಣ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದಳು. ಊರೊಳಗಿನ ಸೈಕಲ್ ದಾರಿ ಎಲ್ಲಿ ಶುರು, ಎಷ್ಟು ಅಗಲ, ಸ್ಟ್ಯಾಂಡ್ ಎಲ್ಲಿದೆ, ಎಲ್ಲಿ ಚರಂಡಿಯ ಚಪ್ಪಡಿ ಮೇಲೆದ್ದಿದೆ, ಎಲ್ಲವನ್ನೂ ಅವಳೇ ಟೇಪು ಹಿಡಿದು ಬರೆದಿದ್ದಳು. ಪಟ್ಟಿಯನ್ನು ಬೀರುವಿನಲ್ಲಿ ಇಡುವ ಬದಲು, ಯಾರು ಬೇಕಾದರೂ ನೋಡಿ ತಿದ್ದಬಹುದಾದ ಮುಕ್ತ ನಕ್ಷೆಗೆ ಕೊಡುವುದೆಂದು ತೀರ್ಮಾನವಾಗಿತ್ತು. ರಾಮನಗರ, ಕನಕಪುರ, ಮಾಗಡಿಯ ಪಟ್ಟಿಗಳು ಆಗಲೇ ನಕ್ಷೆಗೆ ಏರಿದ್ದವು, ಚನ್ನಪಟ್ಟಣದ್ದು ಬಾಕಿ. ನಕ್ಷೆ ಬೆಳೆಸುವವರಿಗೆ ಸಂಬಳವಿಲ್ಲ. ಪಟ್ಟಿಗಳನ್ನು ಪರಿಶೀಲಿಸುವ ರಮ್ಯಾ ಕಾಲೇಜಿನಲ್ಲಿ ಪಾಠ ಮಾಡಿ ಬಂದು ಇದಕ್ಕೆ ಕೂರುತ್ತಿದ್ದಳು.

ತಪ್ಪು ಎಲ್ಲಾಯಿತೆಂದು ನಿಖಾತ್‌ಗೆ ಹೊಳೆಯಲು ಬಹಳ ಹೊತ್ತು ಬೇಕಾಗಲಿಲ್ಲ. ಆ ಬೀದಿಯನ್ನು ಅವಳು ಅಳೆದದ್ದು ಶುಕ್ರವಾರ. ನಮಾಜಿನ ದಿನ ಕಾರ್ಖಾನೆಗಳಿಗೆ ರಜೆ, ಯಾರ ಕಾಲಿಗೂ ಟೇಪು ತೊಡರುವುದಿಲ್ಲ ಅಂತ ಬೇಕೆಂದೇ ಆ ದಿನ ಆರಿಸಿದ್ದಳು. ಉಳಿದ ಆರು ದಿನವೂ ಸಿಪ್ಪೆ ಸುಲಿದ ಹಾಲೆ ಮರದ ತುಂಡುಗಳು ಬಿಸಿಲು ಬಿದ್ದ ಕಡೆಯೆಲ್ಲ ಒಣಗುತ್ತಾ ಮಲಗಿರುತ್ತವೆ. ಹುಟ್ಟಿದಾಗಿನಿಂದ ನೋಡಿದ್ದು; ನೋಡಿ ನೋಡಿ ಅವು ಅವಳ ಕಣ್ಣಿಗೆ ಬೀಳುವುದನ್ನೇ ಬಿಟ್ಟಿದ್ದವು. ಅವುಗಳಲ್ಲಿ ಅರ್ಧ ಅವಳ ಅಪ್ಪ ಮುಕ್ತಿಯಾರ್ ಅವರವು.

ಹೈಸ್ಕೂಲಿಗೆ ಹೊಸದಾಗಿ ಸೇರುವ ಹುಡುಗಿಯರ ಮನೆಯವರು ಈ ನಕ್ಷೆ ನೋಡಿಯೇ ದಾರಿ ಹೇಳಿಕೊಡುವವರು. ತೆರವು ಅಂತ ನಂಬಿ ಬಂದ ಮಗು ತುಂಡುಗಳನ್ನು ಕಂಡು ಬಲಕ್ಕೆ ಹೊರಳಿದರೆ ನೇರ ಬಸ್ಸಿನ ಮುಂದೆ. ಜೂನ್‌ನಿಂದ ಅವಳ ಮಗಳು ಯಾಸ್ಮಿನ್ ಕೂಡ ಅದೇ ದಾರಿ ಹಿಡಿಯುವವಳು. ನಿಜ ಬರೆದರೆ ಅಪ್ಪನ ಬಿಸಿಲಿಗೇ ಸಂಚಕಾರ. ಒಣಗದ ಮರವನ್ನು ಬೊಂಬೆ ಕಡೆಯುವ ಚಕ್ರಕ್ಕೆ ಏರಿಸಿದರೆ ಬಣ್ಣ ಹಚ್ಚುವ ಮೊದಲೇ ಸೀಳುತ್ತದೆ.

ಕಚೇರಿಯ ಹಿರಿಯ ನಾಗರಾಜು ಸುಲಭದ ಉಪಾಯ ಹೇಳಿದರು. ಆ ಬೀದಿಯೊಂದನ್ನು ಪಟ್ಟಿಯಿಂದ ತೆಗೆದುಬಿಟ್ಟರೆ ಯಾರ ತಂಟೆಯೂ ಇಲ್ಲ. ತೆಗೆದರೆ ಬೀದಿ ಎಲ್ಲೂ ಹೋಗುವುದಿಲ್ಲ ಸಾರ್, ಮಕ್ಕಳಿಗೆ ಗೊತ್ತಾಗುವುದು ಮಾತ್ರ ತಪ್ಪುತ್ತದೆ ಎಂದಳು ನಿಖಾತ್. ತಾನು ಅಳೆದದ್ದು ಶುಕ್ರವಾರ, ಮೊದಲ ನಮೂದು ತಪ್ಪು ಅಂತ ತನ್ನ ಹೆಸರಲ್ಲೇ ಬರೆಯುವುದಾಗಿ ಹೇಳಿದಳು. ನಾಗರಾಜು ಕನ್ನಡಕ ತೆಗೆದು ಒರೆಸಿ, ಮೊದಲು ಮನೆಯವರಿಗೆ ತಿಳಿಸಿ ಬನ್ನಿ ಮೇಡಂ ಎಂದರು.

ಸಂಜೆ ಕಾರ್ಖಾನೆಗೆ ಹೋಗಿ ವಿಷಯ ಹೇಳಿದಾಗ ಅಪ್ಪ ತಲೆ ಎತ್ತಲಿಲ್ಲ, ಚಕ್ರದಲ್ಲಿ ಬುಗುರಿಗೆ ಬಣ್ಣದ ಅರಗು ಒತ್ತುತ್ತಿದ್ದರು. ಮಾತಾಡಿದ್ದು ಅವರ ಜೊತೆ ಮೂವತ್ತು ವರ್ಷದಿಂದ ಕೆಲಸ ಮಾಡುವ ಅಂಕಯ್ಯ.

“ಏನವ್ವಾ, ಅಪ್ಪನ ಮ್ಯಾಲೇ ಕಂಪ್ಲೇಂಟ್ ಬರ್ಯಾಕೆ ಬಂದ್ಬುಟ್ಯಾ?”

“ಕಂಪ್ಲೇಂಟ್ ಅಲ್ಲ ಮಾವ. ಇರೋದ್ನ ಇರೋ ಹಂಗೆ ಬರೀತೀನಿ. ಅದ್ಕೂ ಮುಂಚೆ ನಿಮ್ಗೆ ಹೇಳಾನ ಅಂತ ಬಂದೆ.”

“ಬರ್ದ್ ಮ್ಯಾಲೆ ಮುನ್ಸಿಪಾಲ್ಟಿಯೋರು ಬಂದು ತುಂಡೆಲ್ಲ ಟ್ರಾಕ್ಟ್ರಿಗೆ ತುಂಬ್ಕೊಂಡೋದ್ರೆ? ಆಗ ನಿನ್ ಕಂಪ್ಯೂಟ್ರಲ್ಲಿ ಬುಗುರಿ ಮಾಡ್ಕೊಡ್ತೀಯಾ?”

ಅಪ್ಪನ ತುಟಿಯಲ್ಲಿ ತುಸು ನಗು ಅಲ್ಲಾಡಿತು. ನಿಖಾತ್‌ಗೆ ಅಷ್ಟೇ ಸಾಕಾಯಿತು.

“ದಾರಿ ಮುಚ್ಚೈತೆ ಅಂತ ಯಾರೋ ಆಗ್ಲೇ ಬರ್ದವ್ರೆ, ಮಾವ. ಯಾಕೆ ಮುಚ್ಚೈತೆ, ಎಷ್ಟೊತ್ತು ಮುಚ್ಚಿರ್ತದೆ ಅಂತ ಬರ್ಯಾಕೆ ಅವ್ರಿಗೆ ಗೊತ್ತಿಲ್ಲ. ನಮ್ಗೆ ಗೊತ್ತು.”

ಚಕ್ರ ನಿಂತಿತು. ಮಕ್ಕಳು ಶಾಲೆಗೆ ಹೋಗುವುದು ಎಷ್ಟು ಹೊತ್ತಿಗೆ ಎಂದು ಅಪ್ಪ ಕೇಳಿದರು. ಒಂಬತ್ತರಿಂದ ಒಂಬತ್ತೂ ಮುಕ್ಕಾಲು; ವಾಪಸ್ಸು ನಾಲ್ಕೂಕಾಲಿನ ಮೇಲೆ. ಅಪ್ಪ ಎದ್ದು ಬಾಗಿಲಿಗೆ ಬಂದು ಎದುರು ಮನೆಯ ತಾರಸಿಯನ್ನು ನೋಡಿದರು. ಆ ತಾರಸಿ ದಾಟಿ ಬೀದಿಗೆ ಬಿಸಿಲು ಬೀಳುವುದೇ ಹತ್ತಕ್ಕೆ. ಎಂಟಕ್ಕೇ ತುಂಡು ಹೊರಗೆ ಹಾಕುತ್ತಿದ್ದದ್ದು ಒಳಗೆ ನೆಲ ಖಾಲಿಯಾಗಲಿ ಅಂತ, ಅಷ್ಟೇ. ಆದರೂ ಅವರು ಯಾವ ಭರವಸೆಯನ್ನೂ ಕೊಡಲಿಲ್ಲ. ಇವತ್ತು ಏನಿದೆಯೋ ಅದನ್ನು ಬರಿ ಎಂದು ಒಳಗೆ ಹೋದರು.

ಮಾರನೆಯ ಬೆಳಿಗ್ಗೆ, ಒಲೆಯ ಮೇಲೆ ಬೇಳೆ ಬೇಯುತ್ತಿರುವಾಗ, ನಿಖಾತ್ ಹಾಗೆಯೇ ಬರೆದಳು: ಶುಕ್ರವಾರ ತೆರವು, ಉಳಿದ ದಿನ ಎಂಟರಿಂದ ಐದರವರೆಗೆ ಬೊಂಬೆ ಮರ ಒಣಗುತ್ತದೆ, ಸೈಕಲ್ ಇಳಿದು ನಡೆಯಬೇಕು. ಕೆಳಗೆ ತನ್ನ ತಪ್ಪನ್ನೂ ಬರೆದಳು. ನಾಗರಾಜು ಅದನ್ನು ಎರಡು ಸಲ ಓದಿ ಸಹಿ ಹಾಕಿದರು. ಮಧ್ಯಾಹ್ನ ರಮ್ಯಾ ಫೋನು ಮಾಡಿ, ವಾರದ ಯಾವ ದಿನ ಅಳೆದರು ಅಂತ ನಾಲ್ಕು ಊರಿನ ಪಟ್ಟಿಗೂ ಒಂದು ಕಾಲಂ ಸೇರಿಸುತ್ತಿದ್ದೇನೆ ಎಂದಳು. ಮಾಗಡಿಯ ಒಂದು ದಾರಿ ಸಂತೆಯ ದಿನ ಪೂರ್ತಿ ಮಾಯವಾಗುತ್ತದಂತೆ, ಅದೂ ಈಗ ಬೆಳಕಿಗೆ ಬಂದಿತ್ತು.

ಬೀದಿಗೆ ಯಾವ ಟ್ರಾಕ್ಟರೂ ಬರಲಿಲ್ಲ. ಸೋಮವಾರ ಒಂಬತ್ತಕ್ಕೆ ನಿಖಾತ್ ಆ ಕಡೆ ಹೋದಾಗ ಅಪ್ಪನ ತುಂಡುಗಳೆಲ್ಲ ಗೋಡೆಗೆ ಒರಗಿ ನಿಂತಿದ್ದವು. ಪಕ್ಕದ ಎರಡು ಕಾರ್ಖಾನೆಯವರೂ ಹಾಗೇ ನಿಲ್ಲಿಸಿದ್ದರು. ಅಪ್ಪ ಹೊರಗೆ ಬಂದು, ಹತ್ತಕ್ಕೆ ಹಾಸಿ ನಾಲ್ಕಕ್ಕೆ ಎತ್ತುತ್ತೇವೆ, ಇನ್ನು ನಿನ್ನ ನಕ್ಷೆ ತಿದ್ದು ಎಂದರು. ಒಂದು ವಾರ ದಿನವೂ ಬಂದು ನೋಡಿ ಆಮೇಲೆ ತಿದ್ದುತ್ತೇನೆ ಅಬ್ಬಾ, ಎಂದಳು ನಿಖಾತ್.

“ನೋಡಪ್ಪ, ಹೆತ್ತಪ್ಪನ ಮಾತ್ನೂ ನಂಬಾಕಿಲ್ಲ,” ಅಂದರು ಅಂಕಯ್ಯ. “ಸರಿ ಬುಡು, ನಂಬ್ದಿದ್ರೇ ನಮ್ ಮಕ್ಳಿಗೆ ಒಳ್ಳೇದು.”

ಅವಳು ದಿನವೂ ಬಂದಳು. ಎಂಟನೆಯ ದಿನ ಗೋಡೆಗೆ ಒರಗಿಸಿದ ತುಂಡುಗಳಿಂದ ರಸ್ತೆಯ ಅಂಚಿಗೆ ಟೇಪು ಎಳೆದಾಗ ಇನ್ನೊಂದು ತುದಿಯನ್ನು ಅಪ್ಪ ಹಿಡಿದುಕೊಂಡರು. ಐದೂವರೆ ಅಡಿ. ಇಬ್ಬರ ನಡುವೆ ಮೂವರು ಹುಡುಗಿಯರು ಸೈಕಲ್ ಬೆಲ್ಲು ಹೊಡೆಯುತ್ತಾ ಬಂದರು. ಅಪ್ಪ ಟೇಪನ್ನು ನೆಲಕ್ಕೆ ಇಳಿಸಿ, ಹೋಗಲು ಬಿಟ್ಟು, ಮತ್ತೆ ಬಿಗಿಯಾಗಿ ಎತ್ತಿ ಹಿಡಿದರು.