ಯಾರೂ ಏಳಬಾರದ ಊಟ

ನನ್ನ ಗಂಡನ ಮನೆಯಲ್ಲಿ ಊಟಕ್ಕೆ ಕೂರುವುದು ಕಾಯಿಲೆಯ ಲಕ್ಷಣ. ಯಾರಾದರೂ ಕುರ್ಚಿ ಎಳೆದುಕೊಂಡು, ತಟ್ಟೆ ಮುಂದಿಟ್ಟುಕೊಂಡು, ನಿಧಾನವಾಗಿ ಉಣ್ಣತೊಡಗಿದರೆ "ಯಾಕೆ, ಮೈಗೆ ಹುಷಾರಿಲ್ವಾ?" ಎಂದು ಕೇಳುತ್ತಾರೆ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಹಾಗೆ ಕೂತು, ಪಕ್ಕದಲ್ಲಿ ಒಂದು ಪುಸ್ತಕವನ್ನೂ ತೆರೆದಿಟ್ಟುಕೊಂಡು ಉಂಡಿದ್ದೆ. ಒಂದು ಪುಟ ಮುಗಿಯುವುದರೊಳಗೆ ಭಾವನೂ ಓರಗಿತ್ತಿಯೂ ಬಂದು ನನ್ನ ಹಣೆ ಮುಟ್ಟಿ ನೋಡಿ ಹೋದರು.

ಈ ಮನೆಯವರ ಕಸುಬು ಅಡುಗೆಯ ಕಂಟ್ರಾಕ್ಟು. ಮದುವೆ, ಹುಟ್ಟುಹಬ್ಬ, ಬೀಳ್ಕೊಡುಗೆ, ಆಫೀಸಿನ ಪಾರ್ಟಿ, ಯಾವುದಾದರೂ ಸರಿ. ಊರಿನವರೆಲ್ಲ ಸಂತೋಷಪಡುವ ದಿನ ಇವರಿಗೆ ಬೆವರು ಸುರಿಸುವ ದಿನ. ಹಬ್ಬದ ದಿನವಂತೂ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ನಮ್ಮ ಹಬ್ಬದೂಟವೆಂದರೆ ಪಾತ್ರೆ ತೊಳೆಯುವ ಕಟ್ಟೆಗೆ ಒರಗಿ, ತಳದಲ್ಲಿ ಉಳಿದದ್ದನ್ನು ಬಳಿದುಕೊಂಡು ನಿಂತಲ್ಲೇ ನುಂಗುವುದು. ನಾನೊಬ್ಬಳು ಮಾತ್ರ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ಅದು ಕೂತು ಮಾಡುವ ಕೆಲಸವಾದ್ದರಿಂದ ಅದನ್ನು ಕೆಲಸವೆಂದು ಮನೆಯಲ್ಲಿ ಇನ್ನೂ ಯಾರೂ ಒಪ್ಪಿಲ್ಲ.

ಈ ಸಂಸಾರದ ಯಜಮಾನರು ನಮ್ಮ ಮಾವನವರು. ಅವರಿಗೆ ದೇವರಿಗಿಂತ ಹೆಚ್ಚಿನ ನಂಬಿಕೆ ಬಡಿಸುವ ಸೌಟಿನ ಮೇಲೆ. "ಬಡಿಸೋನು ತಟ್ಟೆ ನೋಡ್ಬೇಕು, ಮುಖ ನೋಡಬಾರದು. ಮುಖ ನೋಡಿದ್ರೆ ಉಣ್ಣೋರಿಗೆ ಸಂಕೋಚ ಆಗುತ್ತೆ, ಎರಡನೇ ಸಲ ಹಾಕಿಸ್ಕೊಳ್ಳಲ್ಲ" ಎಂದು ಹೊಸದಾಗಿ ಸೇರಿದವರಿಗೆಲ್ಲ ಪಾಠ ಹೇಳುತ್ತಾರೆ. ಸ್ವತಃ ಎಷ್ಟು ಕಟ್ಟುನಿಟ್ಟೆಂದರೆ, ಊರಿನ ದೊಡ್ಡ ಮನುಷ್ಯರಿಗೆಲ್ಲ ಬಡಿಸಿದ್ದರೂ ಬೀದಿಯಲ್ಲಿ ಎದುರಾದರೆ ಒಬ್ಬರ ಗುರುತೂ ಹತ್ತುವುದಿಲ್ಲ. ಯಾರಾದರೂ ನೆನಪಿಸಿದರೆ ಆಗ, "ಓ, ಅವನಾ? ಕ್ಯಾರೆಟ್ಟೆಲ್ಲ ಪಕ್ಕಕ್ಕೆ ತಳ್ಳೋನು" ಎನ್ನುತ್ತಾರೆ.

ಅವರಲ್ಲಿ ಇನ್ನೊಂದು ಹೆಚ್ಚುಗಾರಿಕೆ ಇದೆ. ಬಡಿಸುವಾಗ ಯಾರಾದರೂ ಮರ್ಯಾದೆಗೆಂದು "ನಿಮ್ಮ ಮನೆಯವರದ್ದು ಊಟ ಆಯ್ತಾ?" ಎಂದು ವಿಚಾರಿಸಿದರೆ, ತಲೆ ತಗ್ಗಿಸಿಕೊಂಡೇ "ಅವಳದ್ದು ಎಲ್ಲರದೂ ಆದ್ಮೇಲೆ, ತಾಯಿ" ಎನ್ನುತ್ತಾರೆ. ಕೇಳಿದ ಹೆಂಗಸರು ಕರಗಿ ನೀರಾಗುತ್ತಾರೆ. ಎಂಥ ಸಂಸ್ಕಾರವಂತ ಕುಟುಂಬ ಎಂದು ಹೊಗಳುತ್ತಾರೆ. ಆ ಹೊಗಳಿಕೆಯ ಹೊತ್ತಿಗೆ ಅತ್ತೆ ಹಿಂದುಗಡೆ ಒಲೆಯ ಮುಂದೆ ಹಸಿದುಕೊಂಡು ನಿಂತಿರುತ್ತಾರೆ.

ಈ ಅತ್ತೆಗೆ ಅರವತ್ತು ತುಂಬಿತು.

ಭಾವನಿಗೆ ಅಮ್ಮನ ಮೇಲೆ ಪ್ರೀತಿ ಉಕ್ಕಿತು. "ಅಮ್ಮಾ, ನಿಂಗೇನು ಬೇಕೋ ಬಾಯಿಬಿಟ್ಟು ಕೇಳು. ಆ ದೊಡ್ಡ ರುಬ್ಬೋ ಮೆಷೀನು ತಂದ್ಬಿಡ್ಲಾ?"

"ರುಬ್ಬೋದು ಇದೆಯಲ್ರೀ, ಹಿಟ್ಟು ನಾದೋದು ತನ್ನಿ" ಎಂದಳು ಓರಗಿತ್ತಿ. ಅವಳಿಗೂ ಅತ್ತೆಯ ಮೇಲೆ ಪ್ರೀತಿ ಕಡಿಮೆಯೇನಲ್ಲ.

ಅತ್ತೆ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿದರು. "ನಂಗೊಂದು ಊಟ ಬೇಕು."

ಎಲ್ಲರೂ ಗೊಳ್ಳೆಂದು ನಕ್ಕರು. ಅಡುಗೆಯವರ ಮನೆಯಲ್ಲಿ ಊಟ ಬೇಕಂತೆ!

"ಹೊರಗೆ, ಹೋಟೆಲಲ್ಲಿ. ನಾವು ಮಾಡಿರಬಾರದು, ನಾವು ಬಡಿಸಬಾರದು. ಆರೂ ಜನ ಒಂದೇ ಮೇಜಿಗೆ ಕೂರ್ಬೇಕು. ಶುರುವಿಂದ ಕೊನೇವರೆಗೂ ಯಾರೂ ಏಳಬಾರದು. ಮದುವೆ ಆದಾಗಿಂದ ನಿಮ್ಮಪ್ಪ ಉಣ್ಣೋದನ್ನ ನಾನು ಎದುರಿಗೆ ಕೂತು ನೋಡಿಲ್ಲ ಕಣ್ರೋ."

ಮಾವನವರು ಸೌಟು ಬೀಸಿ, "ಅಷ್ಟೇನಾ? ಅದೇನು ಮಹಾ!" ಎಂದರು. ಭಾವ ಹೂಂ ಅಂದ. ನಮ್ಮವರೂ ಹೂಂ ಅಂದರು. ನನಗೆ ಮಾತ್ರ ಅತ್ತೆಯ ಮುಖ ನೋಡಿ ಸಂಕಟವಾಯಿತು. ಅವರು ನಂಬಿಬಿಟ್ಟಿದ್ದರು.

ಹೋಟೆಲಿಗೆ ಹೋದದ್ದು ಸಂಜೆ, ಇವರಿಗೆ ಕೆಲಸವಿಲ್ಲದ ಒಂದು ಅಪರೂಪದ ದಿನ. ಅತ್ತೆ ಇಸ್ತ್ರಿ ಮಾಡಿದ ಸೀರೆ ಉಟ್ಟು, ಕೈಯಿಂದ ಈರುಳ್ಳಿಯ ವಾಸನೆ ಹೋಗಲೆಂದು ಎರಡು ಸಲ ಸೋಪು ಹಚ್ಚಿಕೊಂಡಿದ್ದರು. ಬಾಗಿಲಲ್ಲೇ ಮಾವನವರು ಮೂಗರಳಿಸಿ, "ಎಣ್ಣೆ ಬದಲಾಯಿಸಿಲ್ಲ" ಎಂದರು. ಮೇಜಿಗೆ ಕೂತ ಕೂಡಲೇ ಭಾವ ತಟ್ಟೆಯನ್ನು ಬೋರಲು ಹಾಕಿ ಯಾರ ತಯಾರಿಕೆ ಎಂದು ಓದಿದ. ಓರಗಿತ್ತಿ ತಟ್ಟೆಯ ಪಕ್ಕದಲ್ಲಿದ್ದ ಬಟ್ಟೆಯ ಕರವಸ್ತ್ರವನ್ನು ಬಿಡಿಸಿ, ಮತ್ತೆ ಮಡಚಿ, ಅದನ್ನು ಮೊದಲು ಮಡಚಿಟ್ಟಿದ್ದ ರೀತಿಗೆ ಮೂಗು ಮುರಿದಳು. ನಮ್ಮವರು ಟ್ರೇ ಹೊತ್ತು ಓಡಾಡುತ್ತಿದ್ದ ಒಬ್ಬ ಸಪ್ಲೈಯರನ್ನೇ ದಿಟ್ಟಿಸುತ್ತ, "ಬೀಳಿಸ್ತಾನೆ ನೋಡ್ತಿರು" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ಅಮ್ಮನ ಅರವತ್ತರ ಊಟದ ಸಂಜೆ ಗಂಡ ಕಿವಿಯಲ್ಲಿ ಹೇಳಿದ ಮಾತು ಇದು.

ಅತ್ತೆ ಇದಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವರ ಕೈಗೆ ಮೆನು ಕಾರ್ಡು ಸಿಕ್ಕಿತ್ತು. ಗ್ರಂಥಾಲಯದಲ್ಲಿ ನಾನು ಎಂತೆಂಥ ಓದುಗರನ್ನು ಕಂಡಿದ್ದೇನೆ, ಆದರೆ ಮೆನುವನ್ನು ಕಾದಂಬರಿಯ ಹಾಗೆ ಮುಖಪುಟದಿಂದ ಓದಿದವರನ್ನು ಕಂಡಿರಲಿಲ್ಲ. ಹೋಟೆಲಿನ ಹೆಸರು, ಬಾಗಿಲು ತೆರೆಯುವ ಸಮಯ, ಒಂದನ್ನೂ ಬಿಡಲಿಲ್ಲ. ಬೆರಳು ಸಾಲಿನ ಕೆಳಗೆ ಸರಿಯುತ್ತಿತ್ತು, ತುಟಿ ಅಲುಗುತ್ತಿತ್ತು. ಜನ್ಮವಿಡೀ ಬೇರೆಯವರು ಬೇಕೆಂದದ್ದನ್ನು ಮಾಡಿ ಹಾಕಿದವರು ಈಗ ತನಗೇನು ಬೇಕೆಂದು ಹುಡುಕುತ್ತಿದ್ದರು.

"'ಬಾಣಸಿಗರ ವಿಶೇಷ' ಅಂದ್ರೇನೇ?" ಎಂದು ನನ್ನನ್ನು ಕೇಳಿದರು.

"ನಿನ್ನೆ ಉಳಿದದ್ದು" ಎಂದು ಮೂವರು ಗಂಡಸರೂ ಒಟ್ಟಿಗೆ ಹೇಳಿದರು.

ಅತ್ತೆ ಅಣಬೆ ಅನ್ನ ಹೇಳಿದರು. ಸಿಹಿಯ ಪುಟವನ್ನು ಊಟವಾದ ಮೇಲೆ ಓದುವುದಾಗಿ ಹೇಳಿ, ಕಾರ್ಡನ್ನು ಸಪ್ಲೈಯರಿಗೆ ಕೊಡದೆ ತೊಡೆಯ ಮೇಲೆ ಇಟ್ಟುಕೊಂಡರು.

ಮೊದಲು ಎದ್ದವಳು ಓರಗಿತ್ತಿ. ಕೈ ತೊಳೆದು ಬರುತ್ತೇನೆಂದು ಹೋದವಳು ಬರಲಿಲ್ಲ. ಪಕ್ಕದ ಹಾಲಿನಲ್ಲಿ ಯಾವುದೋ ಕಂಪನಿಯ ಸಂತೋಷಕೂಟ. ಅಲ್ಲಿನ ಖಾಲಿ ಮೇಜುಗಳ ಮೇಲಿದ್ದ ಕರವಸ್ತ್ರಗಳನ್ನೆಲ್ಲ ಬಿಡಿಸಿ ಸರಿಯಾಗಿ ಮಡಚಿಡುತ್ತಿದ್ದಳು. ಅವಳನ್ನು ಕರೆತರಲು ಹೋದ ಭಾವ, ಬಿಸಿನೀರಿನ ಡ್ರಮ್ಮೊಂದು ಸೋರುತ್ತಿದ್ದುದನ್ನು ಕಂಡು ಅಲ್ಲೇ ಮಂಡಿಯೂರಿ ಅದರ ನಲ್ಲಿ ಬಿಚ್ಚಿದ. ಅಷ್ಟರಲ್ಲಿ ಆ ಸಪ್ಲೈಯರು ನಿಜಕ್ಕೂ ಟ್ರೇ ಬೀಳಿಸಿದ. ನಮ್ಮವರು ಲಾಟರಿ ಹೊಡೆದವರಂತೆ "ಹೇಳ್ಲಿಲ್ವಾ!" ಎಂದು ಜಿಗಿದು, ಕರವಸ್ತ್ರ ಹಿಡಿದು ಓಡಿಹೋದರು.

ಉಳಿದದ್ದು ಮೂವರು. ಸೂಪು ಬಂತು. ಮಾವನವರು ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದರು.

"ಸುಮ್ನೆ ಕುಡೀರಿ" ಎಂದರು ಅತ್ತೆ.

"ಕುಡೀತಿದೀನಲ್ಲ."

ಇನ್ನೊಂದು ಚಮಚ. ಅವರ ಹಣೆಯ ಮೇಲೆ ಬೆವರೊಡೆಯಿತು. ಅಷ್ಟು ದೊಡ್ಡ ಮನುಷ್ಯ ಕುರ್ಚಿಯಲ್ಲಿ ಮೂತ್ರಕ್ಕೆ ಅವಸರವಾದ ಮಗುವಿನಂತೆ ಕೊಸರಾಡುತ್ತಿದ್ದರು. "ಉಪ್ಪು ಜಾಸ್ತಿ ಕಣೇ. ಇನ್ನೂ ಅಷ್ಟು ಜನಕ್ಕೆ ಇದನ್ನೇ ಹಾಕ್ತಾರೆ. ಒಂದು ಮಾತು ಹೇಳಿ ಬಂದ್ಬಿಡ್ತೀನಿ. ಹೋದ ಹಾಗೇ ಬಂದೆ ಅಂತ ತಿಳ್ಕೋ."

ಮಾವನವರು ಎದ್ದು ಹೋದ ದಾರಿಯನ್ನು ನೋಡಿ, ಅತ್ತೆ ಸೂಪಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

ಅಡುಗೆಮನೆಯ ಬಾಗಿಲು ತೆರೆದು ಮುಚ್ಚುವಾಗಲೆಲ್ಲ ನಮಗೆ ಒಂದೊಂದು ತುಣುಕು ಕಾಣುತ್ತಿತ್ತು. ಮೊದಲು ಮಾವನವರು ಕೈ ತಿರುಗಿಸಿ ಮಾತಾಡುತ್ತಿದ್ದರು. ಆಮೇಲೆ ಮ್ಯಾನೇಜರು ಅವರ ಎರಡೂ ಕೈ ಹಿಡಿದು ಬೇಡಿಕೊಳ್ಳುತ್ತಿದ್ದ. ಆ ದಿನ ಸಪ್ಲೈಯರುಗಳಲ್ಲಿ ಅರ್ಧ ಜನ ಬಂದಿರಲಿಲ್ಲವಂತೆ, ಮಾವನವರ ಕೈರುಚಿಯನ್ನು ಅವನು ಯಾವುದೋ ಮದುವೆಯಲ್ಲಿ ಉಂಡಿದ್ದನಂತೆ. ಅದರ ನಂತರ ಬಾಗಿಲು ತೆರೆದಾಗ ಮಾವನವರ ಅಂಗಿಯ ತೋಳು ಮೇಲೇರಿತ್ತು, ಹೆಗಲ ಮೇಲೆ ಒಂದು ಟವೆಲು ಬಂದಿತ್ತು. ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಸ್ವಲ್ಪ ಹೊತ್ತಿಗೆ ಮ್ಯಾನೇಜರು ನಮ್ಮ ಮೇಜಿನ ಬಳಿ ಬಂದ. ಖಾಲಿ ಕುರ್ಚಿಗಳನ್ನು ನೋಡಿ, "ಬೇಜಾರು ಮಾಡ್ಕೋಬೇಡಿ ಅಮ್ಮಾ. ಪಾರ್ಟಿಯವರು ಜಾಸ್ತಿ ಆಗಿದ್ದಾರೆ. ನೀವಿಬ್ಬರೇ ಅಲ್ವಾ? ಆ ಗೋಡೆ ಪಕ್ಕದ ಚಿಕ್ಕ ಮೇಜಿಗೆ ಬರ್ತೀರಾ?" ಎಂದ.

ನಾನು ಜಗಳಕ್ಕೆ ಬಾಯಿ ತೆರೆದೆ. ಅತ್ತೆ ನನ್ನ ಮೊಣಕೈ ಹಿಡಿದರು.

"ಹೂಂ" ಎಂದರು ಅವನಿಗೆ. "ಇಬ್ಬರೇ."

ಗೋಡೆಯ ಪಕ್ಕದ ಮೇಜಿಗೆ ಎರಡೇ ಕುರ್ಚಿ. ಅಲ್ಲಿಗೆ ಅತ್ತೆಯ ಅಣಬೆ ಅನ್ನ ಬಂತು, ಹೊಗೆಯಾಡುತ್ತ. ಅತ್ತೆ ಎದುರಿಗೆ ಕೂತ ನನ್ನನ್ನು ನೋಡಿದರು, ನಾನು ಕೂರಬೇಕಾಗಿದ್ದ ಜಾಗವಲ್ಲ ಅದು ಎಂದು ಇಬ್ಬರಿಗೂ ಗೊತ್ತಿತ್ತು. ಆಮೇಲೆ ಉಣ್ಣತೊಡಗಿದರು. ಬಿಸಿ ತುತ್ತು ನಾಲಗೆ ಸುಟ್ಟಿರಬೇಕು, ಬಾಯಿ ತೆರೆದು ಗಾಳಿ ಎಳೆದುಕೊಂಡರು. ಬಿಸಿಯೂಟ ಅಭ್ಯಾಸವಿರಲಿಲ್ಲ.

ಅಷ್ಟರಲ್ಲಿ ಸಂತೋಷಕೂಟಕ್ಕೆ ಕಳೆ ಬಂದಿತ್ತು. ಮಾವನವರು ಅನ್ನದ ಪಾತ್ರೆ ಹಿಡಿದು ಸಾಲಾಗಿ ಬಡಿಸುತ್ತ ಬರುತ್ತಿದ್ದರು. ಎರಡನೇ ಸಲ ಪುಕ್ಕಟೆ ಹಾಕುವುದು ಆ ಹೋಟೆಲಿನ ಪದ್ಧತಿಯೇ ಅಲ್ಲ. ಹಿಂದೆ ಹಿಂದೆ ಬರುತ್ತಿದ್ದ ಮ್ಯಾನೇಜರಿಗೆ ಸಹಾಯ ಕೇಳಿದ್ದು ತಪ್ಪಾಯಿತೆಂದು ಹೊಳೆದಿತ್ತು, ಆದರೆ ಖಾಲಿ ತಟ್ಟೆ ಕಂಡ ಮಾವನವರನ್ನು ತಡೆಯಲು ಯಾರಿಂದಾದೀತು? ಜನ "ಭೇಷ್!" ಎನ್ನುತ್ತಿದ್ದರು. ಅವರು ತಲೆ ಎತ್ತುತ್ತಿರಲಿಲ್ಲ. ತಟ್ಟೆಯಿಂದ ತಟ್ಟೆಗೆ, ಮೇಜಿನಿಂದ ಮೇಜಿಗೆ, ಹಾಗೆಯೇ ನಮ್ಮ ಮೇಜಿಗೂ ಬಂದರು.

ಅತ್ತೆಯ ತಟ್ಟೆ ಅರ್ಧ ಖಾಲಿಯಾಗಿತ್ತು. ಮಾವನವರು ಅದನ್ನು ನೋಡಿದರು.

"ಇನ್ನೊಂಚೂರು ಹಾಕ್ಲಾ, ತಾಯಿ?"

ನನಗೆ ನಗು ಬಂತು. ಅತ್ತೆ ಚಮಚ ಕೆಳಗಿಟ್ಟರು. ಅಪರಿಚಿತ ಹೆಂಗಸಿನ ಮರ್ಯಾದೆಯ ದನಿಯಲ್ಲಿ, ಮೆಲ್ಲಗೆ ಕೇಳಿದರು:

"ನಿಮ್ಮ ಮನೆಯವರದ್ದು ಊಟ ಆಯ್ತಾ?"

"ಅವಳದ್ದು ಎಲ್ಲರದೂ ಆದ್ಮೇಲೆ, ತಾಯಿ" ಎಂದರು ಮಾವನವರು.

ಹೇಳಿ ಮುಗಿಸಿ ಸೌಟು ಮುಂದೆ ಚಾಚಿದವರು ಅಲ್ಲೇ ತಡೆದರು. ತಟ್ಟೆಯ ಪಕ್ಕದಲ್ಲಿದ್ದ ಕೈ ಕಂಡಿರಬೇಕು. ಎಷ್ಟು ಸೋಪು ಹಚ್ಚಿದರೂ ಹೋಗದ ಸುಟ್ಟ ಕಲೆಗಳ ಕೈ. ನಿಧಾನವಾಗಿ ತಲೆ ಎತ್ತಿದರು. ಅತ್ತೆಯ ಮುಖ ಕಂಡಿತು.

ನಾನು ಅವರಿಗೆ ಜಾಗ ಕೊಡಲು ಕುರ್ಚಿ ಹಿಂದಕ್ಕೆ ಸರಿಸಿದೆ.

"ನೀನು ಏಳ್ಬೇಡ" ಎಂದರು ಅತ್ತೆ. "ನನ್ನ ಬಿಟ್ಟು ಎದ್ದು ಹೋಗ್ದೋಳು ನೀನೊಬ್ಬಳೇ."

"ಲೇ, ನಾನು..." ಎಂದರು ಮಾವನವರು.

"ಅವಳದ್ದು ಕೊನೇಗಲ್ವಾ? ಅವಳ ಪಾಲೂ ಇಲ್ಲೇ ಹಾಕ್ಬಿಡಿ. ತಟ್ಟೆ ನೋಡ್ಬೇಡಿ. ಮುಖ ನೋಡಿ ಹಾಕಿ."

ಮಾವನವರು ಮುಖ ನೋಡಿ ಹಾಕಿದರು. ಅನ್ನ ಅರ್ಧ ತಟ್ಟೆಗೆ, ಅರ್ಧ ಮೇಜಿನ ಬಿಳಿ ಬಟ್ಟೆಯ ಮೇಲೆ ಬಿತ್ತು. ಅವರ ಕೈಯಿಂದ ಒಂದು ಅಗುಳು ಆಚೆ ಬಿದ್ದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಒರೆಸಲು ಹೆಗಲ ಟವೆಲಿಗೆ ಕೈ ಹೋಯಿತು.

"ಇರ್ಲಿ ಬಿಡಿ" ಎಂದರು ಅತ್ತೆ.

ಅತ್ತ ಹಾಲಿನಿಂದ ಯಾರೋ "ಸ್ವಾಮಿ, ಇಲ್ಲೊಂಚೂರು!" ಎಂದು ಕೂಗಿದರು. ಮತ್ತೆ ಕೂಗಿದರು. ಮಾವನವರು ತಿರುಗಿ ನೋಡಲಿಲ್ಲ, ಕೂರಲು ಕುರ್ಚಿಯೂ ಇರಲಿಲ್ಲ. ಪಾತ್ರೆ ಹಿಡಿದುಕೊಂಡು ನಿಂತೇ ಇದ್ದರು.

ಅತ್ತೆ ಅವಸರವಿಲ್ಲದೆ, ಬಿಸಿಯಾಗಿ, ಕೊನೆಯ ಅಗುಳಿನವರೆಗೂ ಉಂಡರು. ಬಾಯಿ ಒರೆಸಿಕೊಂಡರು. ಆಮೇಲೆ ತೊಡೆಯ ಮೇಲಿದ್ದ ಮೆನು ಕಾರ್ಡನ್ನು ಮೇಲೆತ್ತಿ, ಸಿಹಿಯ ಪುಟ ತೆರೆದು, ಮೊದಲನೇ ಸಾಲಿನಿಂದ ಓದತೊಡಗಿದರು.