ಕಕ್ಕಸ್ಸಿನ ಹೊಸ್ತಿಲಿಗೂ ಆಷಾಢ

ಊರಿನ ಅರ್ಧ ಮಕ್ಕಳ ಕುಂಡಿ ತೊಳೆದವಳು ನಾನು. ನಿವೃತ್ತಿಯಾಗುವ ತನಕ ಅಲ್ಲಾಳಸಂದ್ರದ ಅಂಗನವಾಡಿಯಲ್ಲಿ ಟೀಚರಾಗಿದ್ದೆ. ಆಯಾ ಬರದ ದಿನ ಅವಳ ಕೆಲಸವೂ ನನ್ನದೇ, ಮತ್ತೆ ಆ ಮಹಾತಾಯಿ ಬರುತ್ತಿದ್ದದ್ದೇ ಅಪರೂಪ. ಆಗ ಒಂದು ದಿನವೂ ನನಗೆ ಅಸಹ್ಯ ಅನಿಸಿರಲಿಲ್ಲ. ಮಗು ಹೇತರೆ ತೊಳೆಯಬೇಕು, ಅಷ್ಟೆ. ಅಸಹ್ಯ ಅಂದರೆ ಏನು ಅಂತ ಗೊತ್ತಾಗಿದ್ದು ಈ ವರ್ಷ, ನನ್ನದೇ ಮನೆಯ ಹಾಲಿನಲ್ಲಿ, ತೂತಿನ ಕುರ್ಚಿಯ ಮೇಲೆ ಕೂತಾಗ.

ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಸೋಪಿನ ನೀರಿಗೆ ಜಾರಿ ಬಿದ್ದು ಸೊಂಟದ ಕೀಲು ಮುರಿದುಕೊಂಡೆ. ಆಪರೇಷನ್ ಮಾಡಿ ಹೊಸ ಕೀಲು ಹಾಕಿದರು. ಕುಕ್ಕರುಗಾಲಲ್ಲಿ ಕೂರಬಾರದು, ನೆಲದ ಮೇಲೆ ಕೂರಬಾರದು, ಕಾಲ ಮೇಲೆ ಕಾಲು ಹಾಕಬಾರದು, ಹೇಳುವ ತನಕ ವಾಕರ್ ಬಿಡಬಾರದು ಎಂದು ಡಾಕ್ಟರು ಹೇಳಿ ಕಳಿಸಿದರು. ಒಪ್ಪಿಕೊಂಡೆ. ವ್ಯಾಯಾಮ ಮಾಡಿಸಲು ಬರುವ ಹುಡುಗಿ ಹೇಳಿದ್ದನ್ನೆಲ್ಲ ಹಲ್ಲು ಕಚ್ಚಿಕೊಂಡು ಮಾಡಿದೆ. ಬೇಗನೆ ವಾಕರ್ ಹಿಡಿದು ಗೇಟಿನ ತನಕ ಹೋಗಿ, ಬೀದಿಯಲ್ಲಿ ಯಾರ ಮನೆ ಮುಂದೆ ಯಾರ ಕಾರು ನಿಂತಿದೆ ಎಂದು ನೋಡಿಕೊಂಡು ಬರುವಷ್ಟಾದೆ.

ಗೇಟಿಗೆ ಹೋಗಬಹುದು, ಕಕ್ಕಸ್ಸಿಗೆ ಹೋಗುವಂತಿಲ್ಲ. ನಮ್ಮದು ಹಿತ್ತಲಲ್ಲಿರುವ ಹಳೇ ಕಾಲದ ಕಕ್ಕಸ್ಸು, ಕುಕ್ಕರುಗಾಲಲ್ಲಿ ಕೂರುವಂಥದು. ಬಾಗಿಲು ಎಷ್ಟು ಕಿರಿದೆಂದರೆ ವಾಕರ್ ಒಳಗೆ ಹಿಡಿಸುವುದಿಲ್ಲ. ಅಡ್ಡಡ್ಡ ಹೋಗೋಣವೆಂದರೆ ಗೇಣೆತ್ತರದ ಹೊಸ್ತಿಲು. ಒಂದು ದಿನ ವಾಕರ್ ಹೊರಗೆ ಬಿಟ್ಟು, ಗೋಡೆ ಹಿಡಿದು ದಾಟಲು ನೋಡಿದೆ. ಆಪರೇಷನ್ ಆದ ಕಾಲು ಹೊಸ್ತಿಲಿಗೆ ಸಿಕ್ಕಿ ವಾಲಿಬಿಟ್ಟೆ. ಸೊಸೆ ಹರ್ಷಿತಾ ಹಿಂದಿನಿಂದ ತಬ್ಬಿ ಹಿಡಿಯದಿದ್ದರೆ ಮತ್ತೆ ಆಸ್ಪತ್ರೆಯೇ ಗತಿಯಾಗುತ್ತಿತ್ತು.

ಅದಕ್ಕೇನು ಬೇಕು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹೊಸ್ತಿಲು ಕಿತ್ತು, ಬಾಗಿಲು ಅಗಲ ಮಾಡಿ, ಆ ತೂತಿನ ಕುರ್ಚಿಯನ್ನೇ ಒಳಗಿನ ಗುಂಡಿಯ ಮೇಲೆ ಇಟ್ಟರೆ ಸಾಕು, ನನ್ನ ಪಾಡಿಗೆ ನಾನು ಹೋಗಿ ಬರಬಹುದು. ಏರ್‌ಪೋರ್ಟಿಗೆ ಟ್ಯಾಕ್ಸಿ ಓಡಿಸುವ ನನ್ನ ಮಗ ಮುನೀಂದ್ರ ಅಗಲವಾದ ಪ್ಲಾಸ್ಟಿಕ್ ಬಾಗಿಲನ್ನು ಚೌಕಟ್ಟಿನ ಸಮೇತ ತಂದೂ ಆಗಿತ್ತು. ಬಾಗಿಲು ಕಾಂಪೌಂಡಿಗೆ ಒರಗಿ ನಿಂತಿತು. ಬೆಕ್ಕು ಅದರ ಹಿಂದೆ ಮರಿ ಹಾಕಿತು.

ಯಾಕೆಂದರೆ ಆಷಾಢ. ನಮ್ಮ ಯಜಮಾನರು ಮುನಿಆಂಜಿನಪ್ಪನವರು ಆಷಾಢದಲ್ಲಿ ಗೋಡೆಗೆ ಮೊಳೆ ಹೊಡೆಯಲೂ ಬಿಡುವವರಲ್ಲ.

"ಶ್ರಾವಣ ಬರ್ಲಿ, ಮೊದಲ್ನೇ ದಿನಾನೇ ಒಡೆಸ್ತೀನಿ. ಅಲ್ಲೀಗಂಟ ಒಸ್ತಿಲು ಮುಟ್ಟಂಗಿಲ್ಲ" ಎಂದುಬಿಟ್ಟರು.

"ಕಕ್ಕಸ್ಸಿನ ಒಸ್ತಿಲಿಗೂ ಆಷಾಡವಾ? ಅದಕ್ಕೇನು ಅರಿಸಿನ ಕುಂಕುಮ ಇಟ್ಟಿದೀರಾ?" ಎಂದೆ.

"ಒಸ್ತಿಲು ಅಂದ್ರೆ ಒಸ್ತಿಲೇ" ಎಂದು ಟವೆಲ್ ಕೊಡವಿಕೊಂಡು ಎದ್ದುಹೋದರು. ಮಗ ಹೊರಗೆ ಹೋಗಿ ಕಾರು ಒರೆಸುತ್ತಾ ನಿಂತ.

ಹೀಗಾಗಿ ಹಾಲಿನ ಮೂಲೆಯಲ್ಲಿ ತೂತಿನ ಕುರ್ಚಿ, ಅದರ ಕೆಳಗೆ ಪ್ಲಾಸ್ಟಿಕ್ ಪಾತ್ರೆ, ಸುತ್ತ ನನ್ನದೇ ಹಳೇ ಸೀರೆಯ ಪರದೆ. ಪಾತ್ರೆ ಎತ್ತಿ ಚೆಲ್ಲುವವಳು ಹರ್ಷಿತಾ. ಸ್ಕೂಲಿನಲ್ಲಿ ಪಾಠ ಮಾಡುವ ಹುಡುಗಿ, ಇಸ್ತ್ರಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎತ್ತುತ್ತಿದ್ದಳು. ಮುಖದಲ್ಲಿ ಏನೂ ತೋರಿಸುತ್ತಿರಲಿಲ್ಲ. ಆದರೆ ಅವಳು ಈಗ ಮನೆಯಲ್ಲಿ ತಿಂಡಿ ತಿನ್ನುತ್ತಿರಲಿಲ್ಲ, ಡಬ್ಬಿಗೆ ಹಾಕಿಕೊಂಡು ಹೋಗಿ ಸ್ಕೂಲಿನಲ್ಲಿ ತಿನ್ನುತ್ತಿದ್ದಳು. ಭಾನುವಾರ ಹಸಿದುಕೊಂಡೇ ಇರುತ್ತಿದ್ದಳು. ಅದನ್ನು ನೋಡಿದ ಮೇಲೆ ನಾನೂ ತಿನ್ನುವುದು ಕಡಿಮೆ ಮಾಡಿದೆ. ನೀರು ಕುಡಿಯುವುದು ಬಿಟ್ಟೆ. ಹೊಟ್ಟೆ ಕಲ್ಲಾಯಿತು. ಕಡೆಗೆ ವಿಧಿಯಿಲ್ಲದೆ ಕೂತಾಗ ಪರದೆಯಾಚೆ ಟಿ.ವಿ. ನೋಡುತ್ತಿದ್ದವರೆಲ್ಲ ಸೌಂಡು ಜಾಸ್ತಿ ಮಾಡುತ್ತಿದ್ದರು. ನನ್ನ ಮೈ ಮೇಲೆ ನನಗೇ ಹೇಸಿಗೆ ಹುಟ್ಟಿತು.

ಒಂದು ಭಾನುವಾರ ಹಾಗೇ ಕೂತಿದ್ದಾಗ ಗೇಟಿನ ಸದ್ದಾಯಿತು. ಬಂದವನು ಲಕ್ಕಣ್ಣ. ನನ್ನ ಅಂಗನವಾಡಿಯಲ್ಲಿ ಮೂಗು ಸುರಿಸಿಕೊಂಡು ಬೆಳೆದವನು, ಈಗ ಗಂಗಾನಗರದಲ್ಲಿ ಸೈಟು ಬ್ರೋಕರು, ಬೆರಳಿಗೊಂದು ಉಂಗುರ.

"ಮಿಸ್ಸು ಎಂಗವ್ರೆ ಅಂತ ನೋಡ್ಕೊಂಡೋಗಣಾಂತ ಬಂದೆ ಕಣಣ್ಣೋ" ಎಂದ.

ಮನುಷ್ಯರಾದವರು ಏನು ಹೇಳಬೇಕು? ಸ್ವಲ್ಪ ಹೊತ್ತು ಹೊರಗೆ ಜಗಲಿ ಮೇಲೆ ಕೂತಿರಪ್ಪ ಎನ್ನಬೇಕು. ನಮ್ಮವರು "ಬಾ ಬಾ, ಕೂತ್ಕೋ. ಅಲ್ಲೇ ಪರದೆ ಒಳಗೆ ಕೂತವ್ಳೆ, ಬತ್ತಾಳೆ" ಎಂದರು. ಅವನು ನನ್ನಿಂದ ಮಾರು ದೂರದಲ್ಲಿ ಸೋಫಾದ ಮೇಲೆ ಕೂತ. ಕೋಡುಬಳೆ ಬಂತು. ಕರುಂ ಕುರುಂ ಎಂದು ಅಗಿಯುತ್ತಾ, ಪರದೆಯ ಕಡೆ ತಿರುಗಿಯೇ ಕೇಳಿದ.

"ನೋವು ಕಮ್ಮಿ ಆಯ್ತಾ ಮಿಸ್ಸೇ?"

"ಆಯ್ತಪ್ಪ" ಎಂದೆ. ಇನ್ನೇನು ಹೇಳಲಿ. ಎದ್ದು ಬರುವ ಹಾಗಿಲ್ಲ. ತಡೆದುಕೊಳ್ಳುವ ಹಾಗೂ ಇಲ್ಲ. ತಡೆದೆ, ಸೀರೆಯ ಅಂಚು ಬಾಯಿಗೆ ತುರುಕಿಕೊಂಡು ತಡೆದೆ. ಆಗಲಿಲ್ಲ.

ಕೋಡುಬಳೆ ಅಗಿಯುವ ಸದ್ದು ನಿಂತಿತು. ಸ್ವಲ್ಪ ಹೊತ್ತಿನಲ್ಲಿ ವಾಸನೆಯೂ ಹೋಗಿ ತಲುಪಿರಬೇಕು. ಯಜಮಾನರು ಎದ್ದ ಸದ್ದಾಯಿತು. ಬೆಂಕಿಕಡ್ಡಿ ಗೀರಿದ ಸದ್ದಾಯಿತು. ಪರದೆಯ ಸಂದಿಯಿಂದ ನೋಡುತ್ತೇನೆ, ಊದುಬತ್ತಿ ಹಚ್ಚಿ ನನ್ನ ಪರದೆಯ ಮುಂದೆ ದೇವರಿಗೆ ಬೆಳಗುವ ಹಾಗೆ ಬೆಳಗುತ್ತಿದ್ದಾರೆ. ಲಕ್ಕಣ್ಣ ಮತ್ತೆ ಅಗಿಯತೊಡಗಿದ. ಯಲಹಂಕದ ಸೈಟಿನ ರೇಟು ಶುರುವಾಯಿತು. ಹರ್ಷಿತಾ ಬಂದು, ಪಾತ್ರೆಯ ಮೇಲೆ ಪೇಪರು ಮುಚ್ಚಿ, ಅವನ ಮುಂದಿನಿಂದಲೇ ಎತ್ತಿಕೊಂಡು ಹೋದಳು. ಅವನು ಕಾಲು ಮೇಲೆತ್ತಿ ದಾರಿ ಬಿಟ್ಟ.

ಥೂ. ಗಂಡ, ಬ್ರೋಕರು, ಪಂಚಾಂಗ, ಊದುಬತ್ತಿ, ನನ್ನ ಕರುಳು, ಎಲ್ಲದರ ಮೇಲೂ ಉಗಿಯಬೇಕೆನಿಸಿತು. ಅಳು ಬರಲಿಲ್ಲ. ಅಷ್ಟು ಹೇಸಿಗೆಯಾದಾಗ ಅಳುವೂ ಬರುವುದಿಲ್ಲ.

ಮಾರನೆಯ ದಿನ ಯಜಮಾನರು ಹೆಸರಘಟ್ಟಕ್ಕೆ, ತಂಗಿಯ ಮನೆಗೆ ಹೊರಟರು. ಬಸ್ಸು ಹತ್ತಿರಬಹುದು ಎಂದು ಅಂದಾಜಾದ ಕೂಡಲೆ ಗಾರೆ ಮೇಸ್ತ್ರಿ ಅಕ್ಬರ್ ಪಾಷಾಗೆ ಫೋನು ಮಾಡಿದೆ. ನಮ್ಮ ಮನೆಯ ಮೇಲಿನ ಅಂತಸ್ತು ಕಟ್ಟಿದವರು ಅವರೇ.

"ಆಷಾಢದಲ್ಲಾ ಅಮ್ಮಾ? ಯಜಮಾನ್ರು ನನ್ನ ಬೈತಾರೆ. ಈ ತಿಂಗಳು ಯಾರ ಮನೇಲೂ ಕೆಲ್ಸ ಕೊಡಲ್ಲ, ನಾನೂ ಕೇಳಲ್ಲ" ಎಂದರು.

"ಬೈದ್ರೆ ನನ್ನ ಬೈಲಿ. ನೀವು ಬರ್ದಿದ್ರೆ ಆ ಒಸ್ತಿಲ ನಾನೇ ರುಬ್ಬುಗುಂಡಲ್ಲಿ ಒಡಿತೀನಿ. ಬಿದ್ರೆ ಆಸ್ಪತ್ರೆಗೆ ನೀವೇ ಬಂದು ನೋಡಿ."

ಅವರು ಬಂದರು. ಸುತ್ತಿಗೆಯ ಮೊದಲ ಏಟು ಹೊಸ್ತಿಲಿಗೆ ಬಿದ್ದಾಗ, ವಾಕರ್ ಹಿಡಿದು ಪಕ್ಕದಲ್ಲೇ ನಿಂತಿದ್ದ ನನಗೆ ಆದ ಸಂತೋಷ ಮಗನ ಮದುವೆಯಲ್ಲೂ ಆಗಿರಲಿಲ್ಲ. ಹಳೇ ಚೌಕಟ್ಟು ಕಿತ್ತರು, ಗೋಡೆ ಕಡಿದರು, ಬೆಕ್ಕಿನ ಮರಿಗಳನ್ನು ಬುಟ್ಟಿಗೆ ಹಾಕಿ ಹೊಸ ಬಾಗಿಲನ್ನು ತಂದು ನಿಲ್ಲಿಸಿದರು. ಸ್ಕ್ರೂ ಬಿಗಿಯುವುದೊಂದು ಬಾಕಿ ಇತ್ತು. ಅಷ್ಟರಲ್ಲಿ ಯಜಮಾನರು ಬಂದುಬಿಟ್ಟರು. ತಂಗಿ ಊರಲ್ಲಿರಲಿಲ್ಲವಂತೆ.

ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು ಒಡೆದ ಹೊಸ್ತಿಲನ್ನು ನೋಡಿ ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕೂತರು.

"ಯಾರು ಏಳಿದ್ದು?"

"ನಾನೇ."

"ಎಂಥ ಕೆಲ್ಸ ಮಾಡ್ದೆ ಸುಬ್ಬಿ. ನಮ್ಮಪ್ಪ ಆಷಾಡದಲ್ಲಿ ಅಡಿಗೆಮನೆ ಒಸ್ತಿಲು ಕೀಳ್ಸಿದ. ಶ್ರಾವಣ ಬರೋಷ್ಟರಲ್ಲಿ ನಮ್ಮವ್ವ ಓಯ್ತು. ಒಸ್ತಿಲು ಕಿತ್ರೆ ಮನೆ ಎಣ್ಣುಮಗಳಿಗೆ ಆಗಲ್ಲ ಅಂತ ಅವತ್ತೇ ಏಳಿದ್ರು."

"ನಿಮ್ಮವ್ವ ಓಗಿದ್ದು ಕಾಮಾಲೆಯಿಂದ."

"ಕಾಮಾಲೆ ಯಾಕ್ ಬಂತು?"

ಕಣ್ಣಲ್ಲಿ ನೀರಿತ್ತು. ನಾಟಕವಲ್ಲ. ಈ ಮನುಷ್ಯ ನಾನು ಸತ್ತೇ ಹೋಗುತ್ತೇನೆ ಎಂದು ಹೆದರಿ ಕೂತಿದ್ದರು, ಬಾಯಿ ಬಿಟ್ಟು ಹೇಳಿರಲಿಲ್ಲ. ನನ್ನ ಮನಸ್ಸು ಕರಗಿತು. ಕರಗಿದ್ದು ನಿಜ. ಆದರೆ ಕೂಡಲೆ ಆ ಊದುಬತ್ತಿಯ ವಾಸನೆ ಮೂಗಿಗೆ ಬಂದ ಹಾಗಾಯಿತು.

"ನನ್ನ ಜೀವ ಉಳೀಲಿ ಅಂತ ಇಷ್ಟು ದಿನ ಕಾದ್ರಲ್ಲ, ಒಂದು ದಿನ, ಒಂದೇ ಒಂದು ದಿನ ಆ ಪಾತ್ರೆ ಎತ್ತಿದ್ರಾ ನೀವು?"

ಅಕ್ಬರ್ ಪಾಷಾ ಏನೂ ಕೇಳಿಸದವರ ಹಾಗೆ ಸ್ಕ್ರೂ ಬಿಗಿದರು. ನಂತರ ತೂತಿನ ಕುರ್ಚಿಯನ್ನು ತಂದು, ಪಾತ್ರೆ ತೆಗೆದಿಟ್ಟು, ಗುಂಡಿಯ ಮೇಲೆ ಸರಿಯಾಗಿ ಕೂರಿಸಿ, ಅಲುಗಾಡಿಸಿ ನೋಡಿ, ಬಕೆಟ್ಟಿಗೆ ನೀರು ಬಿಟ್ಟು ಹೊರಟರು.

ವಾಕರ್ ಮುಂದಿಟ್ಟೆ. ಎರಡೂ ಕಡೆ ಜಾಗ ಬಿಟ್ಟು ಒಳಗೆ ಹೋಯಿತು. ನಾನೂ ಹೋದೆ. ತಿರುಗಿ ಬಾಗಿಲು ಹಾಕಿದೆ. ಚಿಲಕ ಹಾಕಿದೆ. ಕೂತೆ. ಟಿ.ವಿ. ಇಲ್ಲ, ಕೋಡುಬಳೆ ಇಲ್ಲ, ಎದುರಿಗೆ ಪಾಚಿ ಕಟ್ಟಿದ ನಮ್ಮ ಹಳೇ ಗೋಡೆ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಮೊದಲ ಸಲ ಹೊಟ್ಟೆ ನನ್ನ ಮಾತು ಕೇಳಿತು. ಚೊಂಬಿನಲ್ಲಿ ನಾನೇ ನೀರು ಮೊಗೆದುಕೊಂಡೆ.

ಹೊರಗಿನಿಂದ ಯಜಮಾನರ ದನಿ ಬಂತು. "ಸುಬ್ಬೀ, ಇದೀಯೇನೇ?"

ನಾನು ಮಾತಾಡಲಿಲ್ಲ.

"ಲೇ, ಸುಬ್ಬಿ!" ದನಿ ಒಡೆಯಿತು. ಬಾಗಿಲು ತಟ್ಟಿದರು. ಮತ್ತೆ ತಟ್ಟಿದರು. "ಏನಾಯ್ತೇ? ಮಾತಾಡೇ!"

ಸಾಯಲಿ ಎಂದು ಇನ್ನೂ ಸ್ವಲ್ಪ ಹೊತ್ತು ಸುಮ್ಮನಿದ್ದೆ. ಎರಡೂ ಕೈಯಲ್ಲಿ ಬಾಗಿಲು ಬಡಿಯತೊಡಗಿದಾಗ, ಇದ್ದ ದನಿಯನ್ನೆಲ್ಲ ತೆಗೆದು ಕೂಗಿದೆ.

"ಯಾರದು ಬಾಗ್ಲು ತಟ್ಟೋದು? ಮರ್ವಾದೆ ಇಲ್ವಾ? ಒಳಗೆ ಜನ ಅವ್ರೆ!"