ಡುಮ್ಮಣ್ಣನ ಜ್ವರ

ಬೀದಿಯವರೆಲ್ಲ ಡುಮ್ಮಣ್ಣ ಎಂದೇ ಕರೆಯುತ್ತಿದ್ದ ಆ ಹೊಲಿಗೆ ಯಂತ್ರದ ಮೆಕ್ಯಾನಿಕ್, ತನ್ನ ಮೈ ನೋಡಿ ಯಾರಾದರೂ ನಗುವ ಮೊದಲೇ ತಾನೇ ನಕ್ಕುಬಿಡುತ್ತಿದ್ದ. "ನಾನು ಬಿದ್ರೆ ಪೆಟ್ಟಾಗೋದು ನೆಲಕ್ಕೆ" ಎನ್ನುತ್ತಿದ್ದ. ಮನೆಗೆ ಬಂದ ಮೇಲೆ ಅವನು ಎಷ್ಟು ಹೊತ್ತು ಮಾತಿಲ್ಲದೆ ಕೂರುತ್ತಿದ್ದ ಎಂಬುದು ತಂಗಿಗೆ ಮಾತ್ರ ಗೊತ್ತು.

ತಂಗಿ ಶಿಶುವಿಹಾರದಲ್ಲಿ ಆಯಾ. ಮಕ್ಕಳಿಂದ ಅಂಟಿದ ಫ್ಲೂ ಜ್ವರ ಅವಳನ್ನು ಮೂರು ದಿನ ಮಲಗಿಸಿತು. ಅಣ್ಣ ಅಂಗಡಿ ಮುಚ್ಚಿ, ಪಕ್ಕದಲ್ಲೇ ಕೂತು ಹಣೆಗೆ ಒದ್ದೆಬಟ್ಟೆ ಹಾಕಿದ. ನಾಲ್ಕನೆಯ ದಿನ ಅವಳು ಎದ್ದಳು, ಅವನು ಮಲಗಿದ.

ಎರಡು ದಿನವಾದರೂ ಜ್ವರ ಜಗ್ಗಲಿಲ್ಲ. ಆಸ್ಪತ್ರೆಗೆ ಹೋಗೋಣ ಎಂದಳು ತಂಗಿ.

"ಅಲ್ಲಿ ಏನು ಹೇಳ್ತಾರೆ ಅನ್ನೋದು ನಂಗೆ ಬಾಯಿಪಾಠ ಕಣೆ. ಕಿವಿನೋವು ಅಂತ ಹೋದಾಗ್ಲೂ ಮೊದಲು ತೂಕ ನೋಡಿ, ಎಲ್ಲರೆದುರು ಗಟ್ಟಿಯಾಗಿ ಓದಿದ್ರು. ನಿಂಗೆ ಮೂರು ದಿನಕ್ಕೆ ಬಿಟ್ಟಿದ್ದು ನಂಗೆ ನಾಲ್ಕಕ್ಕೆ ಬಿಡುತ್ತೆ ಬಿಡು."

ಅವಳೂ ಒತ್ತಾಯಿಸಲಿಲ್ಲ. ಬೆಟ್ಟದಂಥ ಆಳು, ತಡೆದುಕೊಳ್ಳುತ್ತಾನೆ ಎಂದುಕೊಂಡಳು.

ಅವನು ಮಲಗಿದ ಆರನೆಯ ದಿನ ಬೆಳಿಗ್ಗೆ ತುಟಿ ನೀಲಿಗಟ್ಟಿತ್ತು. ಒಂದು ಮಾತು ಮುಗಿಸಲು ಮೂರು ಸಲ ಉಸಿರೆಳೆಯುತ್ತಿದ್ದ. ಆಸ್ಪತ್ರೆಯಲ್ಲಿ ಉಸಿರಾಟದ ಯಂತ್ರಕ್ಕೆ ಹಾಕಿದರು. ಶ್ವಾಸಕೋಶ ಅರಳಲೆಂದು ದಿನಾ ಆರು ಜನ ಸೇರಿ ಅವನನ್ನು ಬೋರಲಾಗಿ ತಿರುಗಿಸುತ್ತಿದ್ದರು. ಗಾಜಿನಾಚೆ ನಿಂತ ತಂಗಿ ಯಾರಾದರೂ ನಗುತ್ತಾರೇನೋ ಎಂದು ಅವರ ಮುಖಗಳನ್ನೇ ನೋಡುತ್ತಿದ್ದಳು. ಯಾರೂ ನಗಲಿಲ್ಲ. ನರ್ಸ್ ಒಬ್ಬಳು ಪ್ರತಿ ಸಲವೂ ಅವನ ಕಿವಿಯ ಬಳಿ ಬಗ್ಗಿ, "ಅಣ್ಣಾ, ಈಗ ತಿರುಗಿಸ್ತೀವಿ" ಎಂದು ಹೇಳುತ್ತಿದ್ದಳು.

ಒಂಬತ್ತನೆಯ ದಿನ ಅವನು ತೀರಿಕೊಂಡ.

ಅದೇ ಜ್ವರ ತನ್ನನ್ನು ಬಿಟ್ಟು ಅವನನ್ನೇಕೆ ಕೊಂದಿತು ಎಂದು ಅವಳು ಡಾಕ್ಟರಮ್ಮನನ್ನು ಕೇಳಿದಳು. ಅತಿಯಾದ ಕೊಬ್ಬು ಮೈಯ ಕಾವಲು ಪಡೆಯನ್ನು ಸದಾ ಕೆಣಕುತ್ತಾ ದಣಿಸಿಬಿಟ್ಟಿರುತ್ತದೆ ಎಂದು ಆಕೆ ಬಿಡಿಸಿ ಹೇಳಿದರು. ವೈರಸ್ ಹೊಕ್ಕಾಗ ಆ ಪಡೆ ತಡವಾಗಿ ಏಳುತ್ತದೆ. ಎದ್ದ ಮೇಲೆ ಹದ್ದು ಮೀರಿ ನುಗ್ಗಿ ಶ್ವಾಸಕೋಶವನ್ನೇ ಹಾಳುಗೆಡವುತ್ತದೆ. ದಪ್ಪ ಇದ್ದವರಿಗೆಲ್ಲ ಹೀಗಾಗುವುದಿಲ್ಲ, ಅಪಾಯ ಮಾತ್ರ ಹೆಚ್ಚು.

"ಹಾಗಾದ್ರೆ ತಪ್ಪು ಅವನದೇನಾ?"

"ಅಲ್ಲಮ್ಮ. ಇಂಥವರು ಮೊದಲ ದಿನವೇ ಬಂದ್ರೆ ಔಷಧಿ ಚೆನ್ನಾಗಿ ಹಿಡಿಯುತ್ತೆ. ಬರೋಕೆ ನಾಚಿಕೆಯಾಗೋ ಹಾಗೆ ಮಾಡಿದವರು ನಾವು."

ಮನೆಗೆ ಬಂದ ಸೋದರತ್ತೆ, ಬಾಯಿ ಕಟ್ಟಿದ್ದರೆ ಹುಡುಗ ಬದುಕುತ್ತಿದ್ದ ಎಂದು ನಿಟ್ಟುಸಿರಿಟ್ಟಳು.

"ಆ ಜ್ವರ ತಂದಿದ್ದು ನಾನು ಅತ್ತೆ," ಎಂದಳು ತಂಗಿ. "ದೂರ ಕೂರು ಅಂತ ಎಷ್ಟು ಬೇಡಿಕೊಂಡ್ರೂ ಅವನು ಎದ್ದು ಹೋಗ್ಲಿಲ್ಲ."

ತಂಗಿ ಒಳಗೆ ಹೋದಳು. ಅಣ್ಣನ ಹಾಸಿಗೆ ಅವನ ಭಾರಕ್ಕೆ ನಡುವೆ ತಗ್ಗಾಗಿತ್ತು. ಆ ತಗ್ಗಿನಲ್ಲೇ ಮುದುಡಿ ಮಲಗಿ, ಇಷ್ಟು ದಿನ ತಡೆದಿದ್ದ ಅಳುವನ್ನು ಹರಿಯಬಿಟ್ಟಳು.